ಬಿಡದ ಎಡಗಾಲು

"ಇದು ಅಪಘಾತ ಅಲ್ಲ ಮೇಡಂ. ಕೊಲೆ ಯತ್ನ!"

ಮೇಜಿನ ಮೇಲೆ ಒಂದು ಬಿಳಿ ಶೂ ಧಡಕ್ಕನೆ ಬಿತ್ತು. ನನ್ನ ಕಾಫಿ ಲೋಟ ಮಗುಚುವುದು ಸ್ವಲ್ಪದರಲ್ಲಿ ತಪ್ಪಿತು. ಬೆಳಗ್ಗೆ ಎಂಟು ಗಂಟೆ. ಠಾಣೆಯಲ್ಲಿ ಇನ್ನೂ ಕಸ ಗುಡಿಸಿರಲಿಲ್ಲ.

ಶೂ ತಂದವರು ಸೈಕಲ್ ರೇಸ್ ತಂಡದ ಕೋಚ್. ಬಿದ್ದ ಸೈಕಲ್ಲನ್ನೂ ತಂದು ಠಾಣೆಯ ಅಂಗಳದಲ್ಲಿ ನಿಲ್ಲಿಸಿದ್ದರು. ಆ ತಂಡದಲ್ಲಿ ಎಲ್ಲರಿಗಿಂತ ಮುಂದಿರುವವಳು ಅವರ ಮಗಳೇ. ಹತ್ತೊಂಬತ್ತು ವರ್ಷ. ಈ ದಿನ ಆರೂ ನಲವತ್ತಕ್ಕೆ, ಅಭ್ಯಾಸ ಮುಗಿಸಿ ಬರುವಾಗ, ಕೆಂಪು ದೀಪ ನೋಡಿ ಬ್ರೇಕ್ ಹಾಕಿದ್ದಾಳೆ. ಕಾಲು ಊರಲಾಗಲಿಲ್ಲ. ಸೈಕಲ್ ಸಮೇತ ಎಡಕ್ಕೆ ಉರುಳಿದ್ದಾಳೆ. ಭುಜದ ಮೂಳೆ ಮುರಿದಿದೆ. ಬರುವ ಭಾನುವಾರ ದೇಶದ ತಂಡಕ್ಕೆ ಆಯ್ಕೆಯ ರೇಸ್ ಇತ್ತು.

ನಮ್ಮ ಇನ್‌ಸ್ಪೆಕ್ಟರ್ ಮೇಡಂ ಶೂ ಎತ್ತಿ ತಳ ನೋಡಿದರು. ನಾನೂ ಇಣುಕಿದೆ. ನಾನು ಹೆಡ್ ಕಾನ್‌ಸ್ಟೇಬಲ್. ಇಣುಕದಿದ್ದರೆ ನನಗೆ ಊಟ ಸೇರುವುದಿಲ್ಲ.

"ಏನ್ರೀ ಇದು, ಪ್ಲಾಸ್ಟಿಕ್ ಪಟ್ಟಿ?"

"ಕ್ಲೀಟ್ ಅಂತಾರೆ. ಪೆಡಲ್ ಮೇಲೆ ಒತ್ತಿದ್ರೆ ಟಕ್ ಅಂತ ಕೂರುತ್ತೆ. ಕಾಲು, ಪೆಡಲ್ ಎರಡೂ ಒಂದೇ ಆಗುತ್ತೆ. ಹಿಮ್ಮಡೀನ ಹೊರಗಡೆ ತಿರುಚಿದ್ರೆ ಬಿಡುತ್ತೆ. ಅದನ್ನ ಹಿಡಿದಿಡೋಕೆ ಮೂರು ಬೋಲ್ಟ್ ಇರಬೇಕು. ಎಷ್ಟಿದೆ ನೋಡಿ."

ಒಂದೇ ಇತ್ತು.

"ಒಂದೇ ಇದ್ರೆ ಏನಾಗುತ್ತೆ?"

"ಹಿಮ್ಮಡಿ ತಿರುಚಿದಾಗ ಶೂ ಮಾತ್ರ ತಿರುಗುತ್ತೆ. ಕ್ಲೀಟ್ ಪೆಡಲ್‌ನಲ್ಲೇ ಕೂತಿರುತ್ತೆ. ಕಾಲು ಸಿಕ್ಕಿಬಿತ್ತು ಅಂತಲೇ ಅರ್ಥ. ಪಕ್ಕದಲ್ಲಿ ಲಾರಿ ಇದ್ದಿದ್ರೆ?"

"ಯಾರ ಮೇಲೆ ಅನುಮಾನ?"

"ಅನುಮಾನ ಏನ್ ಬಂತು, ಖಾತ್ರಿ! ನಮ್ಮ ತಂಡದ ಮೆಕ್ಯಾನಿಕ್. ನಿನ್ನೆ ಸಂಜೆ ಶೂ ಅವನ ಕೈಯಲ್ಲಿತ್ತು. ಆಮೇಲೆ ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕೀ ನನ್ನ ಹತ್ರಾನೇ ಇರುತ್ತೆ."

ಮಗಳ ಶೂಗೂ ಬೀಗ ಹಾಕುವ ಅಪ್ಪ! ನನಗೆ ಅಲ್ಲೇ ಏನೋ ಒಂಥರಾ ಆಯಿತು.

* * *

ಮೆಕ್ಯಾನಿಕ್ ಬಂದ. ಐವತ್ತೈದು ದಾಟಿರಬೇಕು. ಉಗುರಿನ ಸಂದಿಯಲ್ಲಿ ಗ್ರೀಸ್. ಮುಖ ಬಿಳಿಚಿಕೊಂಡಿತ್ತು.

"ನಿನ್ನೆ ಕೋಚ್ ಜೊತೆ ಜಗಳ ಆಡಿದ್ರಂತೆ?" ಮೇಡಂ ನೇರವಾಗಿ ಕೇಳಿದರು.

"ಆಡಿದೆ ಮೇಡಂ. ಮಗೂಗೆ ಮಂಡಿ ಊದಿಕೊಂಡಿತ್ತು. ಅವಳ ಕ್ಲೀಟ್ ಕಾಲನ್ನ ಒಂದಿಷ್ಟೂ ಅಲ್ಲಾಡೋಕೆ ಬಿಡಲ್ಲ. ಹಿಮ್ಮಡಿ ಸ್ವಲ್ಪ ಆಚೆ ಈಚೆ ಆಡೋಂಥ ಕ್ಲೀಟೂ ಬರುತ್ತೆ, ಮಂಡಿಗೆ ಹಾಯಾಗಿರುತ್ತೆ. ಅದನ್ನ ಹಾಕೋಣ ಅಂದೆ. ಕಾಲು ಅಲ್ಲಾಡಿದ್ರೆ ವೇಗ ಸೋರಿಹೋಗುತ್ತೆ ಅಂತ ಕೂಗಾಡಿದ್ರು. ಹಳೇದನ್ನೇ ಬಿಗಿ ಮಾಡಿಕೊಟ್ಟೆ."

"ಮೂರೂ ಬೋಲ್ಟ್?"

"ಮೂರೂ. ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ ತಾಯಿ."

"ಅವಳೇನಂದ್ಲು?"

"ಅಪ್ಪನ ಎದುರಿಗೆ ಅವಳು ತುಟಿ ಪಿಟಕ್ ಅನ್ನಲ್ಲ."

ಅಷ್ಟರಲ್ಲಿ ಮೇಲಿನವರ ಫೋನ್. ಕೋಚ್‌ಗೆ ದೊಡ್ಡವರ ಪರಿಚಯ ಧಾರಾಳವಾಗಿತ್ತು. ಸಂಜೆ ಐದರೊಳಗೆ ಮೆಕ್ಯಾನಿಕ್ ಕೋರ್ಟಿನಲ್ಲಿರಬೇಕಂತೆ. ಮೇಡಂ ಹಲ್ಲು ಕಚ್ಚಿಕೊಂಡು "ಸರಿ ಸರ್" ಎಂದರು. ಲಾಕಪ್ ಬಾಗಿಲು ಹಾಕಿದವನು ನಾನೇ.

"ಒಂದು ಸಲ ಈ ಹಣೆಪಟ್ಟಿ ಬಿದ್ರೆ ಮುಗೀತು," ಎಂದ ಒಳಗಿನಿಂದ. "ಇನ್ನು ಯಾರೂ ನನ್ನ ಕೈಗೆ ಸೈಕಲ್ ಕೊಡಲ್ಲ."

ಬೀಗದ ಕೀ ಜೇಬಿಗೆ ಹಾಕಿಕೊಂಡು ಈಚೆ ಬಂದೆ.

* * *

ಮೊದಲು ತಂಡದಲ್ಲಿ ಎರಡನೇ ಸ್ಥಾನದಲ್ಲಿದ್ದ ಹುಡುಗಿಯ ಬಗ್ಗೆ ವಿಚಾರಿಸಿದೆವು. ಕೋಚ್ ಮಗಳು ಬಿದ್ದರೆ ಲಾಭ ಅವಳಿಗೆ ತಾನೆ? ಆದರೆ ಅವಳು ನಾಲ್ಕು ದಿನದಿಂದ ಅಜ್ಜಿಯ ಮನೆಯಲ್ಲಿ ಜ್ವರ ಹಿಡಿದು ಮಲಗಿದ್ದಳು. ಇನ್ನೂರು ಮೈಲಿ ದೂರ. ಆ ದಾರಿ ಮುಚ್ಚಿತು.

ಮೆಕ್ಯಾನಿಕ್‌ನ ಅಂಗಡಿಗೆ ಹೋದೆವು. ಉದ್ದಕ್ಕೆ, ಕಿರಿದಾಗಿ ಇದ್ದ ಕೋಣೆ. ಕಿಟಕಿ ತೆರೆದರೆ ಪಕ್ಕದ ಗೋಡೆ. ಮಧ್ಯೆ ಸ್ಟ್ಯಾಂಡಿಗೆ ಬಿಗಿದ ಒಂದು ಸೈಕಲ್. ಮೇಡಂ ನನ್ನ ಅಳತೆಯ ಒಂದು ಜೊತೆ ಶೂ ಹುಡುಕಿದರು. ಎಡಗಾಲಿನದರ ಎರಡು ಬೋಲ್ಟ್ ತಾವೇ ಬಿಚ್ಚಿದರು.

"ಹತ್ತಿ."

"ನಾನಾ ಮೇಡಂ?"

"ಇನ್ಯಾರು, ನಿಮ್ಮ ತಾತನಾ?"

ಹತ್ತಿದೆ. ಟಕ್ ಎಂದಿತು. ನಾಲ್ಕು ಸುತ್ತು ತುಳಿದೆ. ಹಿಮ್ಮಡಿ ತಿರುಚಿದೆ. ಶೂ ಗಿರ್ರನೆ ತಿರುಗಿತು, ಕಾಲು ಬರಲಿಲ್ಲ. ಎಳೆದೆ, ಒದ್ದೆ, ಬೈದೆ. ಊಹೂಂ! ಕಾಲು ನನ್ನದೇ, ಆದರೆ ನನ್ನ ಮಾತು ಕೇಳುತ್ತಿಲ್ಲ. ನಿಜ ಹೇಳುತ್ತೇನೆ, ಬೆವರು ಕಿತ್ತುಕೊಂಡು ಬಂತು.

"ಬಿಡಿಸ್ರೀ ಮೇಡಂ! ಒಂದು ಸಲ ನಿಲ್ಲೋಕೂ ಆಗಲ್ಲ ಇದರಲ್ಲಿ!"

ಮೇಡಂ ನನ್ನನ್ನೇ ದಿಟ್ಟಿಸಿದರು.

"ಏನಂದ್ರಿ? ಒಂದು ಸಲಾನೂ ನಿಲ್ಲೋಕಾಗಲ್ವಾ? ಅರವತ್ತು ಕಿಲೋಮೀಟರ್ ದಾರಿ ಕಣ್ರೀ. ಅವಳು ಎಲ್ಲೂ ನಿಲ್ಲದೆ ಬಂದ್ಲಾ?"

ನಾನು ಶೂ ಅಲ್ಲೇ ಬಿಟ್ಟು ಬರಿಗಾಲಲ್ಲಿ ಇಳಿದೆ.

ಅವಳ ಸೈಕಲ್ಲಿನ ಹ್ಯಾಂಡಲ್ ಮೇಲಿರುವ ಪುಟ್ಟ ಯಂತ್ರ ದಾರಿ, ವೇಗ, ಹೊತ್ತು ಎಲ್ಲವನ್ನೂ ದಾಖಲಿಸುತ್ತದೆ. ಅದು ಕೋಚ್ ಜೇಬಿನಲ್ಲಿತ್ತು. "ವೇಗ ನೋಡಿ ಮೇಡಂ, ಎಂಥಾ ವೇಗ!" ಎನ್ನುತ್ತಲೇ ಕೊಟ್ಟರು. ಮೇಡಂ ವೇಗ ನೋಡಲಿಲ್ಲ, ನಿಂತ ಕಡೆಗಳನ್ನು ನೋಡಿದರು. ಐದು ಸಿಗ್ನಲ್‌ಗಳಲ್ಲಿ ನಿಂತಿದ್ದಳು. ಐದರ ಕ್ಯಾಮೆರಾ ದೃಶ್ಯಗಳನ್ನೂ ತೆಗೆಸಿ ನೋಡಿದೆವು. ಎಡಗಾಲು ಆರಾಮಾಗಿ ನೆಲದ ಮೇಲಿತ್ತು. ಆಮೇಲೆ ಒಂದು ಕಡೆ ಏಳು ನಿಮಿಷ. ಅಲ್ಲಿಂದ ಮುನ್ನೂರು ಮೀಟರ್‌ಗೆ ಬಿದ್ದಿದ್ದಾಳೆ.

ಆ ಏಳು ನಿಮಿಷದ ಜಾಗ ಒಂದು ಖಾಲಿ ಬಸ್ ತಂಗುದಾಣ. ಅಲ್ಲಿಂದ ನೋಡಿದರೆ ಸಿಗ್ನಲ್ ಕಾಣುತ್ತಿತ್ತು. ಸಿಗ್ನಲ್ ಬಳಿ ರಸ್ತೆಯ ಎಡಕ್ಕೆ ಮೆತ್ತಗಿನ ಹುಲ್ಲು.

"ಠಾಣೆಯಿಂದ ಅವಳ ಸೈಕಲ್ಲಿನ ಸೀಟಿನ ಕೆಳಗಿರೋ ಚೀಲ ತನ್ನಿ," ಎಂದರು ಮೇಡಂ. ದನಿಯಲ್ಲಿ ಗೆದ್ದ ಖುಷಿ ಎಳ್ಳಷ್ಟೂ ಇರಲಿಲ್ಲ.

* * *

ಆಸ್ಪತ್ರೆಗೆ ಹೋದಾಗ ನಾಲ್ಕು ಗಂಟೆ. ಹುಡುಗಿಯ ಮಂಚದ ಪಕ್ಕದಲ್ಲೇ ಅಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವಳ ಫೋನೂ ಅವರ ಕೈಯಲ್ಲೇ.

"ಅವಳಿಗೆ ಮಾತಾಡೋ ಶಕ್ತಿ ಇಲ್ಲ. ನಾನೇ ಹೇಳ್ತೀನಿ."

"ಬೇಡ ಸರ್." ಮೇಡಂ ಹುಡುಗಿಯ ಕಡೆ ತಿರುಗಿದರು. "ನಿಮ್ಮ ಮೆಕ್ಯಾನಿಕ್ ಬೆಳಗ್ಗೆಯಿಂದ ಲಾಕಪ್‌ನಲ್ಲಿದ್ದಾರಮ್ಮ. ಐದಕ್ಕೆ ಕೋರ್ಟು. ನಿನ್ನ ಕೊಲ್ಲೋಕೆ ನೋಡಿದ್ರು ಅಂತ ಕೇಸು."

ಹುಡುಗಿ ದಡಕ್ಕನೆ ಏಳಲು ಹೋಗಿ ನೋವಿಗೆ ಚೀರಿದಳು. "ಮಾಮಾನಾ? ಅಪ್ಪಾ, ನೀವು ಹೇಳ್ಲೇ ಇಲ್ವಲ್ಲ!"

"ನೀನು ಸುಮ್ನಿರು."

ಮೇಡಂ ಚೀಲ ಬಿಚ್ಚಿದರು. ಬೋಲ್ಟ್ ಬಿಚ್ಚುವ ಪುಟ್ಟ ಕೀಲಿಗಳು, ಪಂಕ್ಚರ್ ತೇಪೆ, ಮಡಚಿದ ಕಾಗದ. ಕಾಗದದೊಳಗೆ ಎರಡು ಬೋಲ್ಟ್.

"ನೋಡಿ ಸರ್. ಐದು ಸಿಗ್ನಲ್‌ನಲ್ಲಿ ಕಾಲು ಬಿಟ್ಟಿದೆ. ಅಂದ್ರೆ ಅಲ್ಲೀವರೆಗೂ ಮೂರು ಬೋಲ್ಟೂ ಇದ್ವು. ಮೆಕ್ಯಾನಿಕ್ ತಪ್ಪು ಮಾಡಿಲ್ಲ. ಕಡೇ ಏಳು ನಿಮಿಷದಲ್ಲಿ ಬಿಚ್ಚಿದ್ದು. ಅಲ್ಲಿದ್ದವಳು ಇವಳೊಬ್ಬಳೇ. ಯಂತ್ರ ಬೆಳಗ್ಗೆಯಿಂದ ನಿಮ್ಮ ಜೇಬಲ್ಲೇ ಇತ್ತು. ನೀವು ವೇಗ ಬಿಟ್ಟು ಬೇರೇನೂ ನೋಡ್ಲಿಲ್ಲ." ಹುಡುಗಿಯ ಕಡೆ ತಿರುಗಿ, "ಬಿಸಾಡಿದ್ರೆ ನನಗೆ ಸಾಕ್ಷಿ ಸಿಗ್ತಿರಲಿಲ್ಲ. ಯಾಕಮ್ಮ ಇಟ್ಕೊಂಡೆ?" ಎಂದರು.

"ಬಿಚ್ಚಿದ ಬೋಲ್ಟ್ ಕಾಗದಕ್ಕೆ, ಕಾಗದ ಚೀಲಕ್ಕೆ. ಚಿಕ್ಕವಳಿದ್ದಾಗ ಮಾಮ ಕಲಿಸಿದ್ದು. ಕೈ ತಾನಾಗೇ ಇಟ್ಬಿಡ್ತು. ಹುಲ್ಲಿನ ಮೇಲೆ ಬಿದ್ದು ಕೈ ಉಳುಕಿದ್ರೆ ಸಾಕು ಅಂದ್ಕೊಂಡೆ. ಅಪಘಾತ ಅಂತಾರೆ, ಭಾನುವಾರ ತಪ್ಪುತ್ತೆ ಅಂತ. ಮಾಮನ ಮೇಲೆ ಬರುತ್ತೆ ಅಂತ ಹೊಳೀಲೇ ಇಲ್ಲ ಮೇಡಂ, ದೇವರಾಣೆ."

"ಬೇಡ ಅಂತ ಬಾಯಿಬಿಟ್ಟು ಹೇಳಬಹುದಿತ್ತಲ್ಲ?"

"ಹೇಳಿದೀನಿ. ಮಂಡಿ ನೋವು ಅಂದ್ರೆ ನೆಪ ಅಂತಾರೆ. ಸಾಕು ಅಂದ್ರೆ ಊಟ ಬಿಟ್ಟು ಕೂರ್ತಾರೆ. ಪೆಡಲ್ ಆದ್ರೂ ತಿರುಚಿದ್ರೆ ಬಿಡುತ್ತೆ. ಅಪ್ಪ ಬಿಡಲ್ಲ."

ಕೋಚ್ ಕಕ್ಕಾಬಿಕ್ಕಿಯಾಗಿ ಬೋಲ್ಟುಗಳನ್ನೇ ನೋಡುತ್ತಿದ್ದರು. ಅತ್ತುಬಿಡುತ್ತಾರೇನೋ ಎಂದುಕೊಂಡೆ. ಕೊನೆಗೆ ಮೆಲ್ಲಗೆ, "ಮೂಳೆ ಆರು ವಾರದಲ್ಲಿ ಕೂಡುತ್ತೆ," ಎಂದರು. "ವರ್ಷದ ಕೊನೇಲಿ ಇನ್ನೊಂದು ಆಯ್ಕೆ ಇದೆ."

ಅಯ್ಯೋ, ಈ ಮನುಷ್ಯನಿಗೆ ಏನು ಹೇಳೋಣ!

ಮೇಡಂ ದೂರು ಹಿಂತೆಗೆದುಕೊಳ್ಳುವ ಕಾಗದ ಮುಂದಿಟ್ಟು ಸಹಿ ಹಾಕಿಸಿಕೊಂಡರು. ಠಾಣೆಗೆ ಫೋನ್ ಮಾಡಿ ಮೆಕ್ಯಾನಿಕ್‌ನನ್ನು ಬಿಡಲು ಹೇಳಿದರು. ಆಮೇಲೆ ಮಂಚದ ಪಕ್ಕ ಬಗ್ಗಿ ಕೇಳಿದರು.

"ಇಲ್ಲಿಂದ ಎಲ್ಲಿಗೆ ಹೋಗ್ತೀಯಮ್ಮ?"

"ಎಲ್ಲಿಗೆ ಅಂದ್ರೆ? ಮನೆಗೆ," ಎಂದರು ಕೋಚ್.

"ಕೇಳಿದ್ದು ಅವಳನ್ನ."

ಹುಡುಗಿ ಅಪ್ಪನ ಕಡೆ ನೋಡಿದಳು.

"ಚಿಕ್ಕಮ್ಮನ ಮನೆಗೆ," ಎಂದಳು. "ಬಸ್ಸಲ್ಲಿ."