ಶ್ಯಾಮಲಾಳ ಊರಿನ ಗಿಡ್ಡ ಕಂಬ

ರಾಬರ್ಟ್‌ಸನ್‌ಪೇಟೆಯ ಒಂದು ಖಾಸಗಿ ಡೈರಿ ಆಫೀಸಿನಲ್ಲಿ ತಿಂಗಳ ಮೀಟಿಂಗು. ಗೋಡೆಯ ಟಿವಿಯಲ್ಲಿ ಹತ್ತು ನೀಲಿ ಕಂಬಗಳು. ಒಂದೊಂದು ಕಂಬ ಒಂದೊಂದು ಊರಿನ ಹಾಲಿನ ಫ್ಯಾಟ್, ಅಂದರೆ ಕೊಬ್ಬಿನಂಶ. ಒಂಬತ್ತು ಎದೆ ಸೆಟೆದು ನಿಂತಿದ್ದವು. ಬೂದಿಕೋಟೆ ಪಕ್ಕದ ಒಂದು ಊರಿನದು ಮಾತ್ರ ಅವುಗಳ ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿತ್ತು.

ನೀರು ಬೆರೆಸಿದ್ದಾರೆ ಎಂದು ಹಿಂದಿನ ಸಾಲಿನಿಂದ ಯಾರೋ ತೆಲುಗಿನಲ್ಲಿ ಅಂದರು. ಎಲ್ಲರೂ ನಕ್ಕರು. ಮ್ಯಾನೇಜರ್ ಸುಧಾಕರ್ ನಗಲಿಲ್ಲ. ಮುಂದಿನ ಮೀಟಿಂಗ್ ಕಳೆದ ಮೇಲೆ ಆ ಊರಿಗೆ ಹಾಲಿನ ವ್ಯಾನು ಹೋಗುವುದು ಬೇಡ ಅಂದುಬಿಟ್ಟರು.

ಆ ಊರಿನ ಹಾಲು ಅಳೆದು ಕಳಿಸುವವಳು ಶ್ಯಾಮಲಾ. ಮೀಟಿಂಗ್ ಮುಗಿದಿದ್ದೇ ತಡ, ಗ್ರಾಫ್ ಮಾಡಿದ ಊರಿಗಾಂನ ಮುನಿರಾಜ್‌ನ ಮೇಜಿನ ಮುಂದೆ ಬಂದು ನಿಂತಳು. ಸಿಟ್ಟಿಗೆ ಮೂಗುತಿ ಅದುರುತ್ತಿತ್ತು. ಅವನೋ, ನೋಡಬಾರದ ಹೊತ್ತಿನಲ್ಲಿ ಅದನ್ನೇ ನೋಡುತ್ತಿದ್ದ.

“ನಮ್ಮೂರ್ ಆಲಿಗೆ ನೀರಾಕಿದ್ದು ನೀವು ಕಂಡ್ರಾ?”

ಗ್ರಾಫ್ ಬರೆದದ್ದು ಸಾಫ್ಟ್‌ವೇರು, ತಾನು ಬಟನ್ ಒತ್ತಿದ್ದಷ್ಟೇ ಎಂದು ತೊದಲಿದ. ತೊದಲುತ್ತಲೇ ಸ್ಕ್ರೀನ್ ನೋಡಿದವನಿಗೆ ತಪ್ಪು ಕಂಡಿತು. ಕಂಬಗಳ ಪಕ್ಕದ ಅಳತೆ ಸೊನ್ನೆಯಿಂದಲ್ಲ, 3.8ರಿಂದ ಶುರುವಾಗಿತ್ತು. ಅವಳ ಊರಿನ ಫ್ಯಾಟ್ 3.9, ಉಳಿದವರದು 4.1ರ ಆಸುಪಾಸು. ಬುಡ ಕತ್ತರಿಸಿ ತುದಿ ಮಾತ್ರ ತೋರಿಸಿದರೆ ಸಾಸಿವೆಯಷ್ಟು ವ್ಯತ್ಯಾಸವೂ ಬೆಟ್ಟವೇ.

ಅವನು ಅಳತೆಯ ಬುಡಕ್ಕೆ ಸೊನ್ನೆ ಹಾಕಿದ. ಹತ್ತು ಕಂಬಗಳೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬಂದವು. ಶ್ಯಾಮಲಾ ಕುರ್ಚಿ ಎಳೆದುಕೊಂಡು ಕೂತಳು. ಇದನ್ನೇ ಬೇರೆ ಥರ ತೋರಿಸೋಕಾಗುತ್ತಾ ಎಂದು ಕೇಳಿದಳು.

ಆಗುತ್ತಿತ್ತು. ಬೇಕಾದಷ್ಟು ಥರ ಆಗುತ್ತಿತ್ತು. ಹಾಗಾಗಿ ಅವಳೂ ಪೇಟೆಗೆ ಬಂದಾಗಲೆಲ್ಲ ಆಫೀಸಿಗೆ ಬರತೊಡಗಿದಳು. ದುಂಡನೆಯ ಪೈ ಚಾರ್ಟ್ ತೋರಿಸಿದರೆ, ಎಲ್ಲಾ ಹೋಳೂ ಒಂದೇ, ಇದರಿಂದ ಯಾರಿಗೇನು ತಿಳಿಯಿತು ಎಂದು ನಕ್ಕಳು. ದಿನದಿನದ ಫ್ಯಾಟನ್ನು ಗೆರೆಯಾಗಿ ಎಳೆದ ಮೇಲೆ ನಗು ನಿಂತಿತು. ಬೇರೆ ಊರಿನ ಗೆರೆಗಳು ಏರಿ ಇಳಿದು ಕುಣಿಯುತ್ತಿದ್ದವು. ಅವಳ ಊರಿನದು ಅಲುಗದೆ ನೆಟ್ಟಗಿತ್ತು; ನೀರು ಬೆರೆಸಿದ್ದರೆ ದಿನಕ್ಕೊಂದು ಥರ ಇರುತ್ತಿತ್ತು.

ನೋಡಲು ಇಬ್ಬರೂ ಬಾಗಿದರು. ಅವಳ ಮುಡಿಯ ಕನಕಾಂಬರ ಅವನ ಕೆನ್ನೆಗೆ ತಾಗುವಷ್ಟು ಹತ್ತಿರ.

“ಗೆರೆ ಅಲ್ಲೈತೆ,” ಎಂದಳು ಅವಳು ಸ್ಕ್ರೀನಿಗೆ ಬೆರಳು ತೋರಿಸಿ, ತಿರುಗಿಯೂ ನೋಡದೆ.

ಊರಿನ ಸಂಕಟವನ್ನೂ ಅವಳು ಹೇಳಿದಳು. ಹಾಲು ಹಾಕುವ ಹೆಂಗಸರು ಒಬ್ಬರ ಕ್ಯಾನನ್ನು ಇನ್ನೊಬ್ಬರು ಅನುಮಾನದಿಂದ ನೋಡುತ್ತಿದ್ದರು. ಪಕ್ಕದ ಮನೆಯ ಆದಿಲಕ್ಷ್ಮಮ್ಮ ಮಾತೇ ಬಿಟ್ಟಿದ್ದರು. ಮುನಿರಾಜ್ ಫೋನ್ ತೆಗೆದ. ಸರಿ ಮಾಡಿದ ಗ್ರಾಫನ್ನು ಎಲ್ಲರ ವಾಟ್ಸಾಪಿಗೆ ಕಳಿಸುತ್ತೇನೆ ಎಂದ.

ಅವಳು ಎದ್ದು ನಿಂತಳು. “ಮಾನ ಓಗಿದ್ದು ಜನದ ಮುಂದೆ. ಫೋನಲ್ಲಿ ಕಳಿಸಿದ್ರೆ ವಾಪಸ್ ಬತ್ತದಾ?”

ಅವನಿಗೆ ಭಯವಾಯಿತು. ಕೆಲಸ ಹೊಸದು, ಸುಧಾಕರ್ ತಪ್ಪು ಸಹಿಸುವ ಮನುಷ್ಯನಲ್ಲ. ಆದರೆ ಅವಳು ಇನ್ನು ಬರುವುದೇ ಇಲ್ಲವೇನೋ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು. ಹೌದು, ಹುಡುಗ ಪ್ರೀತಿಯಲ್ಲಿ ಬಿದ್ದಿದ್ದ.

ಮುಂದಿನ ಮೀಟಿಂಗಿನಲ್ಲಿ ಕೇಳದಿದ್ದರೂ ಎದ್ದು ನಿಂತ. ಹಳೆಯ ಕಂಬ, ಹೊಸ ಕಂಬ ಅಕ್ಕಪಕ್ಕ ಇಟ್ಟ. ಆಮೇಲೆ ಆ ನೆಟ್ಟನೆ ಗೆರೆ ತೋರಿಸಿದ.

“ಅಳತೆ ನೋಡ್ದೆ ಆಕ್ಬಿಟ್ಟೆ. ತಪ್ಪು ನಂದು. ಆ ಊರಿನ ಎಂಗಸರದಲ್ಲ.”

ಈ ಸಲ ಯಾರೂ ನಗಲಿಲ್ಲ. ಸುಧಾಕರ್ ಕನ್ನಡಕ ತೆಗೆದು ಒರೆಸಿದರು. ವ್ಯಾನು ಎಂದಿನಂತೆ ಹೋಗಲಿ ಎಂದರು. ನಾಳೆ ಬಂದು ನನ್ನನ್ನು ನೋಡು ಎಂದು ಮುನಿರಾಜ್‌ಗೆ ಹೇಳಿದರು.

ಶ್ಯಾಮಲಾ ಅವನತ್ತ ನೋಡದೆಯೇ ಹೊರಟುಹೋದಳು. ಅವನು ಲ್ಯಾಪ್‌ಟಾಪ್ ಎದೆಗವಚಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದ. ಅಲ್ಲಿ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಏನು ಹೇಳಬೇಕೋ ತೋಚದೆ, ಇನ್ನೊಂದು ಗ್ರಾಫ್ ಮಾಡಿದ್ದೇನೆ, ನಮ್ಮಿಬ್ಬರದು, ಎನ್ನುತ್ತಾ ಲ್ಯಾಪ್‌ಟಾಪ್ ತೆರೆಯಹೋದ.

“ಮುಚ್ರೀ ಅದನ್ನ,” ಎಂದಳು. “ಬಾಯಲ್ಲಿ ಯೋಳಿ.”

ಮುಚ್ಚಿದ.

“ನೀವಂದ್ರೆ ನಂಗಿಷ್ಟ. ಮದ್ವೆ ಆಗ್ಬೇಕು ಅಂತ ಆಸೆ. ನಾಳೆ ಕೆಲ್ಸ ಇರ್ತದೋ ಇಲ್ವೋ, ಅದೂ ಗೊತ್ತಿಲ್ಲ.”

ಬಸ್ ಬಂತು. ಅವಳು ಹತ್ತಿ ಕಿಟಕಿ ಪಕ್ಕ ಕೂತಳು. ಅವನು ಕೆಳಗೇ ನಿಂತಿದ್ದ. ಇಂಜಿನ್ ಶುರುವಾದಾಗ ಅವಳು ಪಕ್ಕದ ಸೀಟಿನ ಮೇಲಿದ್ದ ಬ್ಯಾಗನ್ನು ಮಡಿಲಿಗೆ ಎತ್ತಿಕೊಂಡಳು.

“ಬಸ್ ಅತ್ರೀ. ಇದನ್ನೇ ನಮ್ಮಪ್ಪನ್ ತಾವೂ ಯೋಳ್ಬೇಕು.”