ನಾಲ್ಕು ದಿನ ತಡವಾದ ಅಡಾಪ್ಟರ್

ಟವಲಿನಲ್ಲಿ ಸುತ್ತಿದ್ದ ಭಾರದ ಪೆಟ್ಟಿಗೆಯೊಂದನ್ನು ಕೌಂಟರಿನ ಮೇಲಿಟ್ಟು ಆತ ಕೇಳಿದ, “ರಿಪೇರಿ ಮಾಡೂವ್ರು ಎಲ್ಲಿ ಅದಾರ್ರಿ?”

ಆರ್ಜೂ ಬೆಸುಗೆಯಿಂದ ಕಣ್ಣು ತೆಗೆಯಲಿಲ್ಲ. “ಇಲ್ಲೇ ಅದಾರ. ನಿಮ್ಮ ಮುಂದ.”

ಹೊರಗಿನ ಬೋರ್ಡಿನಲ್ಲಿ ಇನ್ನೂ ಚಮನಸಾಬ ಎಲೆಕ್ಟ್ರಾನಿಕ್ಸ್ ಎಂದೇ ಇತ್ತು. ಕಣ್ಣು ಮಂಜಾದ ಮೇಲೆ ಚಮನಸಾಬರು ಒಳಕೋಣೆಯಲ್ಲಿ ಕೂತು ರೇಡಿಯೊ ಕೇಳುತ್ತಿದ್ದರು. ಐದು ವರ್ಷದಿಂದ ಅಂಗಡಿ ನಡೆಸುತ್ತಿದ್ದವಳು ಮಗಳು ಆರ್ಜೂ. ವಾಸ್ಕೋದ ಮೀನು ಮಾರ್ಕೆಟ್ಟಿನ ಹಿಂದಿನ ಆ ಗಲ್ಲಿಗೆಲ್ಲ ಗೊತ್ತಿದ್ದ ವಿಷಯ ಇವನಿಗೆ ಗೊತ್ತಿರಲಿಲ್ಲ.

“ತಪ್ಪಾತ್ರಿ,” ಎಂದ.

ದನಿಯಲ್ಲಿದ್ದ ಸಂಕೋಚ ಕೇಳಿ ಅವಳು ತಲೆಯೆತ್ತಿದಳು. ಎತ್ತರದ ಆಳು, ಕಿವಿಗಳೆರಡೂ ಕೆಂಪಾಗಿದ್ದವು. ಹೆಸರು ಶಾನವಾಜ, ಮುರ್ಮುಗಾಂವ್ ಬಂದರಿನ ಗೇಟಿನಲ್ಲಿ ಲಾರಿಗಳನ್ನು ಒಳಗೆ ಬಿಡುವ ಕೆಲಸ.

ಟವಲು ಬಿಚ್ಚಿದರೆ ಒಳಗೆ ಹಳೇ ಆರ್ಕೇಡ್ ಸ್ಟಿಕ್. ಕೆಂಪು ಗುಂಡಿನ ಹಿಡಿ, ಎಂಟು ದುಂಡನೆಯ ಬಟನ್ನು. ಗೇಮ್ ಪಾರ್ಲರುಗಳಲ್ಲಿ ಇರುತ್ತಿದ್ದಂಥದ್ದೇ, ಮನೆಯಲ್ಲಿ ಆಡಲೆಂದು ಮಾಡಿದ್ದು.

“ನನಗ ಹೆಬ್ಬೆರಳಿಲೆ ಆಡೂ ಗೇಮ್ ಪ್ಯಾಡ್ ಹಿಡಿಯಾಕ ಬರೂದಿಲ್ರಿ,” ಎಂದು ಎಡಗೈ ತೋರಿಸಿದ. ಎರಡು ವರ್ಷದ ಹಿಂದೆ ಹಡಗಿನ ಹಗ್ಗಕ್ಕೆ ಸಿಕ್ಕ ಹೆಬ್ಬೆರಳು ಮಡಚುತ್ತಿರಲಿಲ್ಲ. “ಇದಾದ್ರ ಮುಷ್ಟಿಯೊಳಗ ಹಿಡೀಬಹುದು. ಟಿವಿಗೆ ಹಚ್ಚೂ ಹಳೇ ಗೇಮ್ ಕನ್ಸೋಲ್ ಕೆಟ್ಟು ಹೋತು. ಹೊಸಾದಕ್ಕ ಇದರ ಪಿನ್ನು ಕೂಡೂದಿಲ್ಲ.”

“ನಡುವ ಅಡಾಪ್ಟರ್ ಹಾಕಬೇಕಾಗತೈತಿ.”

“ಸ್ವಲ್ಪ ಸಂಭಾಳಿಸಿ ಮಾಡ್ರಿ. ಇದು ಮರಿಯಮಂದು.”

ಹೇಳುತ್ತಾ ಅವನು ಪೆಟ್ಟಿಗೆಯ ಮೂಲೆಯನ್ನು ಟವಲಿನಿಂದ ಒರೆಸಿದ. ಹೆಂಡತಿಯದಿರಬೇಕು ಎಂದುಕೊಂಡಳು ಆರ್ಜೂ. ಅಷ್ಟಕ್ಕೇ ಮನಸ್ಸು ಯಾಕೆ ಪೆಚ್ಚಾಯಿತೋ ಅವಳಿಗೇ ತಿಳಿಯಲಿಲ್ಲ.

ಮೊದಲ ಅಡಾಪ್ಟರ್ ಹಾಕಿದಾಗ ಬಟನ್ನುಗಳೆಲ್ಲ ಅದಲುಬದಲು. ಗುದ್ದು ಎಂದು ಒತ್ತಿದರೆ ಆಟಗಾರ ಗಾಳಿಗೆ ಹಾರಿದ, ಹಾರು ಎಂದರೆ ಆಟವೇ ನಿಂತುಹೋಯಿತು. ಅಂಗಡಿಯ ಟಿವಿಯ ಮುಂದೆ ಇಬ್ಬರೂ ನಕ್ಕರು. ಮರುದಿನದ ಅಡಾಪ್ಟರ್ ಸರಿಯಾಗಿತ್ತು, ಆದರೆ ಎಂಟು ನಿಮಿಷಕ್ಕೊಮ್ಮೆ ಸ್ಟಿಕ್ ಸತ್ತಂತಾಗುತ್ತಿತ್ತು. ಪಿನ್ನು ಕಿತ್ತು ಮತ್ತೆ ಚುಚ್ಚಬೇಕು.

ಪಾಳಿ ಮುಗಿಸಿ ಅವನು ದಿನಾ ಸಂಜೆ ಬರತೊಡಗಿದ. ಪರೀಕ್ಷೆ ಮಾಡಲು ಎದುರಾಳಿ ಬೇಕಲ್ಲ, ಅವಳೇ ಪ್ಯಾಡ್ ಹಿಡಿದು ಕೂರುತ್ತಿದ್ದಳು. ಸೋತಾಗ ಅವನು ಟಿವಿ ನೋಡುತ್ತಿರಲಿಲ್ಲ, ಅವಳು ಹೇಗೆ ಗೆದ್ದಳೆಂದು ಅವಳ ಬೆರಳು ನೋಡುತ್ತಿದ್ದ. ಆ ನೋಟ ತಾಕಿದೊಡನೆ ಅವಳ ಬೆರಳು ತಪ್ಪುತ್ತಿತ್ತು.

“ಈಗ ಬೇಕಂತ ಸೋತ್ರಿ.”

“ಗಿರಾಕಿ ಅಲ್ಲೇನ್ರಿ ನೀವು? ಒಂದ ಸಲನರ ಗೆಲ್ಲಿಸಬೇಕಲ್ಲ.”

ಬುಧವಾರ ಅವಳು ಕೇಳಿಯೇಬಿಟ್ಟಳು. “ಮರಿಯಮ ಅವ್ರು ಆಡೂದಿಲ್ಲೇನ್ರಿ?”

“ಅಕ್ಕ ಈಗ ವಿಜಾಪುರದಾಗ ಇರ್ತಾಳ್ರಿ. ಮದುವಿ ಆಗಿ ಹೋಗುಮುಂದ ಇದನ್ನ ನನಗ ಕೊಟ್ಲು.”

ಅಕ್ಕ! ಆರ್ಜೂ ಕೈಯಲ್ಲಿದ್ದ ಸ್ಕ್ರೂವನ್ನು ಬೇರಾವುದೋ ತೂತಿಗೆ ತಿರುಗಿಸುತ್ತಲೇ ಇದ್ದಳು.

ಅವನು ಹೋದ ಮೇಲೆ ಅವಳಿಗೆ ದೋಷವೂ ಸಿಕ್ಕಿತು. ತನ್ನ ಕಂಪನಿಯ ಅಸಲಿ ಪ್ಯಾಡ್ ಇದೆಯೇ ಎಂದು ಹೊಸ ಕನ್ಸೋಲು ಆಗಾಗ ಪರೀಕ್ಷಿಸುತ್ತದೆ. ಅಡಾಪ್ಟರಿನ ಬದಿಯ ಇನ್ನೊಂದು ಕಿಂಡಿಗೆ ಅಸಲಿ ಪ್ಯಾಡ್ ಚುಚ್ಚಿಟ್ಟರೆ ಸಾಕು, ಸ್ಟಿಕ್ ನಿಲ್ಲುವುದಿಲ್ಲ. ಚುಚ್ಚಿ ಒಂದು ತಾಸು ಆಡಿ ನೋಡಿದಳು. ನಿಲ್ಲಲಿಲ್ಲ.

ಗುರುವಾರ ಅವನು ಬಂದಾಗ ಹೇಳಲಿಲ್ಲ. ಶುಕ್ರವಾರವೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಚಮನಸಾಬರು ಕರೆದರು. ಧಾರವಾಡದ ಒಬ್ಬ ವ್ಯಾಪಾರಿಯ ಮಗನ ಕಡೆಯವರು ಬರುವ ವಾರ ಅವಳನ್ನು ನೋಡಲು ಬರುವವರಿದ್ದರು. “ಒಳ್ಳೇ ಮಂದಿ. ಅಂಗಡಿಯಾಗ ಕೂಡೂದು ಮಾತ್ರ ಬಿಡಬೇಕಂತ,” ಎಂದರು.

ಅಂದು ಸಂಜೆ ಶಾನವಾಜ ಸಪ್ಪಗಿದ್ದ. “ಪ್ರತಿ ಶುಕ್ರವಾರ ಅಕ್ಕ ಮಕ್ಕಳನ್ನ ಮಲಗಿಸಿ ನನ್ನ ಜೋಡಿ ಆಡಾಕ ಆನ್‌ಲೈನ್ ಬರ್ತಾಳ್ರಿ. ನಾವು ಮಾತಾಡೂದು ಅದೊಂದ ತಾಸು. ಮೊನ್ನೆ ನನ್ನ ಕಡೆ ಸ್ಟಿಕ್ ಇರಲಿಲ್ಲ, ಆಕಿ ಕಾದು ಕಾದು ಹೋದ್ಲಂತ.”

ಆರ್ಜೂ ಎದ್ದು ಅಡಾಪ್ಟರಿನ ಬದಿಗೆ ಪ್ಯಾಡ್ ಚುಚ್ಚಿದಳು. “ಇದು ಬುಧವಾರನ ರೆಡಿ ಆಗಿತ್ರಿ. ನಾನ ಹೇಳಲಿಲ್ಲ. ತಪ್ಪು ನಂದು.”

ಅವನು ಎಲ್ಲವನ್ನೂ ಟವಲಿನಲ್ಲಿ ಸುತ್ತಿಕೊಂಡು, ದುಡ್ಡನ್ನು ಕೌಂಟರಿನ ಮೇಲಿಟ್ಟು ಹೋದ.

ಸೋಮವಾರ ಬರಲಿಲ್ಲ. ಗುರುವಾರದ ಹೊತ್ತಿಗೆ ಅವಳು ಬಾಗಿಲ ಕಡೆ ನೋಡುವುದನ್ನು ಬಿಟ್ಟಿದ್ದಳು. ಒಂದು ಮಿಕ್ಸರಿನ ಸುಟ್ಟ ವೈರು ಬದಲಿಸಿ, ಅದು ಗುರ್ರೆಂದು ತಿರುಗಿದಾಗ, ಎದ್ದು ನೇರ ಒಳಗೆ ಹೋದಳು.

“ಅಬ್ಬಾ, ಧಾರವಾಡದವ್ರಿಗೆ ಬರಬ್ಯಾಡ್ರಿ ಅಂತ ಹೇಳ್ರಿ.”

ಚಮನಸಾಬರು ರೇಡಿಯೊ ಸಣ್ಣದು ಮಾಡಿದರು. “ಆ ಬಂದರಿನ ಹುಡುಗ ಏನರ ಕೇಳ್ಯಾನೇನು?”

“ಏನೂ ಕೇಳಿಲ್ಲ. ಸಿಟ್ಟಾಗಿ ಹೋಗ್ಯಾರ. ಅವ್ರು ಬರಲಿ ಬಿಡಲಿ, ಈ ಕೆಲಸ ನಾ ಬಿಡಂಗಿಲ್ಲ.”

ಅವರು ಮಗಳತ್ತ ಮುಖ ಮಾಡಿದರು. “ನಾನ ಕಲಿಸಿದ ಕೆಲಸ,” ಎಂದರು. “ಬಿಡು ಅಂತ ನಾ ಯಾವ ಬಾಯಿಲೆ ಹೇಳಲಿ?”

ಶನಿವಾರ ಮಧ್ಯಾಹ್ನ ಶಾನವಾಜ ಬಂದ. ಕೈಯಲ್ಲಿ ಏನೂ ಇರಲಿಲ್ಲ.

“ನಿನ್ನೆ ಅಕ್ಕನ ಜೋಡಿ ಆಡಿದೆ,” ಎಂದ. “ಒಂದ ಸಲಾನೂ ನಿಲ್ಲಲಿಲ್ಲ.”

“ಗೆದ್ರಿ?”

“ಹನ್ನೊಂದು ಸಲ ಸೋತೆ. ಆಕಿಗೆ ನಿಮ್ಮ ವಿಷಯ ಹೇಳಿದೆ. ಮೊದಲ ನಕ್ಕಳು. ಆಮ್ಯಾಲೆ, ಆ ಹುಡುಗಿ ಅಷ್ಟು ದಿನ ಯಾಕ ಹೇಳಲಿಲ್ಲ, ನೀ ಕೇಳಿದ್ಯಾ ಅಂದ್ಲು.”

“ನೀವು ಕೇಳಲಿಲ್ಲ.”

“ಈಗ ಕೇಳಾಕತ್ತೇನಿ.”

ಆರ್ಜೂ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿನಲ್ಲಿಟ್ಟಳು. “ಅದು ರೆಡಿ ಆತಂದ್ರ ನೀವು ಬರೂದು ನಿಲ್ಲತೈತಿ ಅಂತ.”

ಗಲ್ಲಿಯಲ್ಲಿ ಮೀನಿನವಳೊಬ್ಬಳು ಕೊಂಕಣಿಯಲ್ಲಿ ಕೂಗುತ್ತಾ ಹಾದುಹೋದಳು.

“ಸಿಟ್ಟು ಸೋಮವಾರನ ಹೋಗಿತ್ರಿ,” ಎಂದ ಶಾನವಾಜ. “ಇಲ್ಲಿಗೆ ಬರಾಕ ನೆವ ಸಿಗಲಿಲ್ಲ. ಮನ್ಯಾಗ ಎಲ್ಲಾ ಸಾಮಾನೂ ಚಲೋ ನಡ್ಯಾಕತ್ತಾವು. ನೆವ ಇಲ್ಲದನ ಬಂದ್ರ ನಡೀತೈತೇನು? ದಿನಾ?”

ಅವಳಿಗೆ ನಗು ತಡೆಯಲಾಗಲಿಲ್ಲ. “ನನ್ನ ಕೇಳಿದ್ರ ನಡೀತೈತಿ. ಅಬ್ಬಾ ಒಳಗ ಅದಾರ, ಅವ್ರನ್ನ ಕೇಳ್ರಿ.”

ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ತಗ್ಗಿದ ದನಿಗಳು, ಒಂದು ಕೆಮ್ಮು. ಆರ್ಜೂ ಅದೇ ತಂತಿಯನ್ನು ಮೂರು ಸಲ ಕತ್ತರಿಸಿದಳು.

ಚಮನಸಾಬರು ಗೋಡೆ ಹಿಡಿದುಕೊಂಡು ಹೊರಬಂದರು. ಅವಳ ಮುಂದೆಯೇ ಹಾದುಹೋದರು. ಬಾಗಿಲಲ್ಲಿ ನಿಂತು ಎದುರಿನ ಹೋಟೆಲ್ಲಿನತ್ತ ಕೈಯೆತ್ತಿದರು.

“ಗೋಪಪ್ಪಾ, ಮೂರು ಚಾ ಕಳಸಪಾ. ಒಂದಕ್ಕ ಸಕ್ಕರಿ ಜಾಸ್ತಿ ಹಾಕು, ನಮ್ಮ ಮನಿಗೆ ಹೆಣ್ಣು ಕೇಳಾಕ ಮಂದಿ ಬಂದಾರ.”