ಪಾಳೆಯಗಾರನ ಜಡೆ

"ಕಣ್ಮುಚ್ಕೋ," ಎಂದಳು ಸಹನಾ.

"ಯಾಕೆ? ಕತ್ತರ್ಸೋದು ಕೂದ್ಲು ತಾನೆ."

"ಪುಸ್ತಕದಲ್ಲಿ ಅವಳು ಮುಚ್ಕೊಂಡಿದ್ಲು ಕಣೆ."

ಗಂಗಾಲಕ್ಷ್ಮಿ ಕಣ್ಣು ಮುಚ್ಚಿದಳು. ಶಾಲೆ ಬಿಟ್ಟಾಗಿತ್ತು. ಆರನೇ ತರಗತಿಯ ಕೋಣೆಯಲ್ಲಿ ಇವರಿಬ್ಬರೇ ಉಳಿದಿದ್ದರು. ಕತ್ತರಿ ರವಿಕೆ ಹೊಲಿಯುವ ಸಹನಾಳ ಅಮ್ಮನದು. ಬಟ್ಟೆ ಕತ್ತರಿಸಿ ಅಭ್ಯಾಸವಾದ ಆ ಕತ್ತರಿ ದಪ್ಪ ಜಡೆಯ ನಡುವೆ ಕಚ್ಚಿಕೊಂಡು ನಿಂತಿತು. ಸಹನಾ ಎರಡೂ ಕೈಯಿಂದ ಒತ್ತಿದಳು. ಕರಕ್ ಕರಕ್ ಎಂದಿತು. ಗಂಗಾಲಕ್ಷ್ಮಿಯ ಕತ್ತು ಇದ್ದಕ್ಕಿದ್ದಂತೆ ಹಗುರಾಯಿತು.

ಇದಕ್ಕೆಲ್ಲ ಕಾರಣ ಜಪಾನಿನ ಒಂದು ಚಿತ್ರಕತೆ. ಅಂಥ ಪುಸ್ತಕಕ್ಕೆ ಮಾಂಗಾ ಎನ್ನುತ್ತಾರೆ. ಸಹನಾಳ ಚಿಕ್ಕಮ್ಮ ತುಮಕೂರಿನಿಂದ ತಂದುಕೊಟ್ಟಿದ್ದರು. ಅದನ್ನು ಹಿಂದಿನ ಪುಟದಿಂದ ಮುಂದಕ್ಕೆ ಓದಬೇಕು. ಅದರಲ್ಲಿ ಹುಡುಗಿಯರದೇ ಒಂದು ಶಾಲೆ, ಆ ಶಾಲೆಗೊಂದು ಡ್ರಾಮಾ ಕ್ಲಬ್. ರಾಜನೂ ಹುಡುಗಿ, ಕಳ್ಳನೂ ಹುಡುಗಿ. ಎತ್ತರದ ಹುಡುಗಿಯೊಬ್ಬಳು ರಾಜಕುಮಾರನ ಪಾತ್ರಕ್ಕೆಂದು ಕೂದಲು ಕತ್ತರಿಸಿಕೊಳ್ಳುತ್ತಾಳೆ. ಮುಂದಿನ ಪುಟದಲ್ಲಿ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ.

ಶಿರಾದ ಈ ಹೆಣ್ಣುಮಕ್ಕಳ ಶಾಲೆಯಲ್ಲೂ ರಾಧಾಮಣಿ ಮಿಸ್ ನಾಟಕ ಆಡಿಸುತ್ತಿದ್ದರು. ಗಂಗಾಲಕ್ಷ್ಮಿಯೇ ಪಾಳೆಯಗಾರ. ನಿನ್ನೆ ಪ್ರಾಕ್ಟೀಸಿನಲ್ಲಿ ಅವಳು ಕತ್ತಿ ಎತ್ತಿ ಗರ್ಜಿಸಿದಾಗ ಪೇಟ ಜಾರಿತು, ಜಡೆ ಸೊಂಟದವರೆಗೆ ಇಳಿದುಬಿಟ್ಟಿತು. "ಪಾಳೆಗಾರ್ರೇ, ಹೂ ಮುಡ್ಸ್ಲಾ?" ಎಂದು ಯಾರೋ ಕೇಳಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿಮ್ಮಜ್ಜಿ ಈ ಕೂದ್ಲಿಗೆ ಏನೋ ಹರಕೆ ಅಂತಿದ್ರಲ್ಲೇ?" ಎಂದು ಸಹನಾ ಜಡೆಯನ್ನು ಕೈಯಲ್ಲಿ ಹಿಡಿದ ಮೇಲೆ ಕೇಳಿದಳು.

"ಅದು ತಾತಂಗೆ ವಾಸಿಯಾಗ್ಲಿ ಅಂತ. ತಾತನೇ ಹೋದ್ಮೇಲೆ ಹರಕೆ ಎಲ್ಲೈತೆ? ಬುಡು."

"ಅಂಗಾದ್ರೆ ಇದು ನಂಗಿರ್ಲಿ. ಮೀಸೆ ಮಾಡ್ತೀನಿ. ನಿಂಗೊಂದು, ಮಂತ್ರಿಗೊಂದು. ಉಳಿದಿದ್ರಲ್ಲಿ ಗಡ್ಡ."

ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಗಂಗಾಲಕ್ಷ್ಮಿ ಮನೆಗೆ ಬಂದಳು. ಅಜ್ಜಿ ಪಟಾಲಮ್ಮ ಹೊಸಿಲ ಬಳಿ ಮೊರ ಇಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಿದ್ದಳು.

"ಯಾಕವ್ವ, ಈ ಬಿಸ್ಲಲ್ಲಿ ತಲೆಗೆ ಬಟ್ಟೆ?"

"ಕಿವಿ ನೋವು."

"ಬಾ ಇಲ್ಲಿ. ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯ್ಸಿ ಬುಡ್ತೀನಿ."

"ಬ್ಯಾಡ ಅಜ್ಜಿ. ಈಗ ಕಮ್ಮಿಯಾಯ್ತು."

"ಎಣ್ಣೆ ಅನ್ನೋ ಹೊತ್ಗೇ ವಾಸಿ. ಒಳ್ಳೆ ಕಿವಿ ಕಣಮ್ಮ ನಿಂದು."

ಒಳಗಿನಿಂದ ಅಮ್ಮ ಕೂಗಿ ಹೇಳಿದಳು: "ಗಂಗಾ, ಶನಿವಾರ ಪ್ರಾಕ್ಟೀಸ್ ಗೀಕ್ಟೀಸ್ ಅನ್ಬ್ಯಾಡ. ಸೀಬಿಗೆ ಹೋಗ್ತಿದೀವಿ. ನರಸಿಂಹಸ್ವಾಮಿಗೆ ನಿನ್ನ ಮುಡಿ ಕೊಡಕ್ಕೆ. ನಿಮ್ಮಜ್ಜಿ ಕೊನೆಗೂ ಹೂಂ ಅಂದ್ರು."

ಗಂಗಾಲಕ್ಷ್ಮಿ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತಳು. "ತಾತ ಹೋದ್ಮೇಲೂ ಕೊಡ್ಬೇಕಾ?"

"ಅಜ್ಜಿ ಕೇಳ್ಕೊಂಡಿದ್ದು ಏನು? ಆಸ್ಪತ್ರೆಯಿಂದ ಮನೆಗೆ ನಡ್ಕೊಂಡು ಬರ್ಲಿ ಅಂತ. ಬಂದ್ರಲ್ಲ. ದೇವ್ರಿಗೆ ಆಡಿದ ಮಾತು ನಡ್ಸ್ಬೇಕು."

ಹೌದು, ತಾತ ಬಂದಿದ್ದ. ಯಾರ ಕೈಯೂ ಬೇಡವೆಂದು ಆಟೋದಿಂದ ಬಾಗಿಲವರೆಗೆ ತಾನೇ ನಡೆದಿದ್ದ. ಹುಣಸೆ ಹೂ ಬಿಡುವ ತನಕ ಮನೆಯಲ್ಲಿದ್ದ. ಅಂದರೆ ಹರಕೆ ಇನ್ನೂ ಬಾಕಿಯೇ ಇತ್ತು. ಕೂಡಲೇ ಗಂಗಾಲಕ್ಷ್ಮಿಗೆ ಸಹನಾಳ ಮಾತು ನೆನಪಾಯಿತು. ಒಂದು ಮೀಸೆ, ಇನ್ನೊಂದು ಮೀಸೆ, ಉಳಿದಿದ್ದರಲ್ಲಿ ಗಡ್ಡ.

"ನೋಟ್ಸ್ ಮರ್ತು ಬಂದೆ," ಎಂದವಳೇ ಓಡಿದಳು. ಅಜ್ಜಿ ಏನೋ ಹೇಳಿದ್ದು ಕಿವಿಗೆ ಬೀಳಲಿಲ್ಲ.

ಸಹನಾಳ ಮನೆ ಬಸ್‌ಸ್ಟ್ಯಾಂಡಿನ ಹಿಂದೆ. ಎದುರಿಗೆ ಬಂದ ಸೈಕಲ್ಲು, ಎಮ್ಮೆ, ಹಣ್ಣಿನ ಗಾಡಿ ಎಲ್ಲವನ್ನೂ ಬಳಸಿಕೊಂಡು ಓಡಿದಳು. ದಾರಿಯುದ್ದಕ್ಕೂ ಕತ್ತರಿಯ ಕರಕ್ ಕರಕ್ ಸದ್ದೇ ಕೇಳುತ್ತಿತ್ತು.

ಸಹನಾ ಕನ್ನಡಿಯ ಮುಂದೆ ಕುಳಿತಿದ್ದಳು. ಜಡೆಯ ತುದಿ ಬಿಚ್ಚಿತ್ತು, ನಾಲ್ಕು ಬೆರಳಿನಷ್ಟು ಇರಲಿಲ್ಲ. ಅದು ಸಹನಾಳ ಮೂಗಿನ ಕೆಳಗಿತ್ತು.

"ಹೆಂಗೈತೆ?" ಎಂದು ಅವಳು ಮೀಸೆ ತಿರುವಿದಳು. ಇನ್ನೊಂದು ಕೈ ಕತ್ತರಿಯನ್ನು ಮತ್ತೆ ತೆರೆದಿತ್ತು.

"ಮುಟ್ಬ್ಯಾಡ. ಕೆಳಗಿಡು."

"ಕೊಟ್ಟು ವಾಪಸ್ ಕಿತ್ಕೊಳ್ತೀಯೇನೇ? ಹೋಗೆ."

"ನಾನು ಕೊಡಕ್ಕೆ ಅದು ನಂದಲ್ಲ ಕಣೆ. ದೇವ್ರುದು. ಹರಕೆ ಅಂಗೇ ಐತಂತೆ."

ಸಹನಾಳ ಕೈ ಮೆಲ್ಲಗೆ ಕತ್ತರಿ ಬಿಟ್ಟು ಮೀಸೆಗೆ ಹೋಯಿತು. ಎಳೆದಳು. ಗೋಂದು ಒಣಗಿತ್ತು. ಕಣ್ಣಲ್ಲಿ ನೀರು ಬಂತೇ ಹೊರತು ಮೀಸೆ ಬರಲಿಲ್ಲ.

"ದೇವ್ರು ನಂಗೇನಾದ್ರೂ ಮಾಡ್ತಾನಾ?" ಎಂದು ಮೀಸೆಯ ಕೆಳಗಿನಿಂದ ಸಣ್ಣ ದನಿ ಕೇಳಿತು.

ಗಂಗಾಲಕ್ಷ್ಮಿಗೆ ನಗು ಬರಲಿಲ್ಲ. ಜಡೆಯನ್ನು ಸ್ಕಾರ್ಫಿನಲ್ಲಿ ಸುತ್ತಿ ಎದೆಗವಚಿಕೊಂಡಳು. ತಲೆ ಬರಿದಾಗಿಯೇ ಬೀದಿಗಿಳಿದಳು.

ಮನೆಗೆ ಬಂದಾಗ ಅಮ್ಮ ಹಾಲು ತರಲು ಹೋಗಿದ್ದಳು. ಅಜ್ಜಿ ಹೊಸಿಲ ಬಳಿಯೇ ಇದ್ದಳು. ಮೊಮ್ಮಗಳ ತಲೆ ನೋಡಿದಳು. ಸುಲಿಯುತ್ತಿದ್ದ ಕೈ ನಿಂತಿತು. ಗಂಗಾಲಕ್ಷ್ಮಿ ಸ್ಕಾರ್ಫ್ ಬಿಚ್ಚಿ ಜಡೆಯನ್ನು ಮೊರದಲ್ಲಿ ಇಟ್ಟಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

ಅಜ್ಜಿ ಮೊರದ ಸಿಪ್ಪೆಯನ್ನು ಜಡೆಯಿಂದ ಆಚೆ ಸರಿಸಿದಳು.

"ಬೈಯಿ ಅಜ್ಜಿ."

"ನಿಂಗೇನು ಬೈಲಿ?" ಅಜ್ಜಿಯ ದನಿ ತಗ್ಗಿತ್ತು. "ಮಾತು ಕೊಟ್ಟೋಳು ನಾನು. ಕೊಡ್ದೆ ದಿನ ತಳ್ಳಿದೋಳೂ ನಾನೇ. ಒಂದ್ಸಲ ಬಸ್ಸಿಲ್ಲ ಅಂದೆ. ಒಂದ್ಸಲ ಮಂಡಿನೋವು ಅಂದೆ."

"ಮಂಡಿನೋವು ಇರ್ಲಿಲ್ವಾ?"

"ಇತ್ತು. ಅದಕ್ಕಲ್ಲ." ಅಜ್ಜಿ ಒಳಗೆ ದೇವರ ಗೂಡಿನ ಕಡೆ ಗಲ್ಲ ಎತ್ತಿ ತೋರಿಸಿದಳು. "ನಿಮ್ ತಾತ ಮನೆಗೆ ಬರ್ಲಿ ಅಂತ ಕೇಳ್ದೆ, ಸ್ವಾಮಿ ಕಳಿಸ್ದ. ಉಳೀಲಿ ಅನ್ನೋದು ನನ್ನ ಬಾಯಿಗೆ ಬರ್ಲಿಲ್ಲ. ಅಷ್ಟು ದೊಡ್ಡೋನು, ಅವನಾದ್ರೂ ತಿಳ್ಕೋಬ್ಯಾಡ್ವಾ? ಅದಕ್ಕೇ ಅವನ ಮುಖ ನೋಡಕ್ಕೆ ಹೋಗಿರ್ಲಿಲ್ಲ."

ಗಂಗಾಲಕ್ಷ್ಮಿ ಅಜ್ಜಿಯ ಪಕ್ಕ ಕುಳಿತಳು. ದೇವರ ಮೇಲೆ ಅಜ್ಜಿಗೆ ಮುನಿಸು ಬರಬಹುದು ಎಂದು ಅವಳು ಅಂದುಕೊಂಡೇ ಇರಲಿಲ್ಲ. ದಿನಾ ಸಂಜೆ ದೀಪ ಹಚ್ಚುವವಳು ಅಜ್ಜಿಯೇ.

ಅಜ್ಜಿ ಜಡೆಯನ್ನು ಕೈಗೆತ್ತಿಕೊಂಡು ನೀವಿದಳು. "ತುದಿ ಎಲ್ಲಿ?"

"ಸಹನಾ ಮೀಸೆ ಅಂಟಿಸ್ಕೊಂಡವ್ಳೆ. ಕೀಳಕ್ಕೆ ಬರ್ತಿಲ್ಲ."

ಅಜ್ಜಿಯ ತುಟಿ ಒಂದು ಕಡೆಗೆ ಸರಿಯಿತು. "ಬಿಸಿನೀರು ಒತ್ತು ಅನ್ನು. ಅದ್ನೂ ತಾ. ಶನಿವಾರ ಎಲ್ಲಾನೂ ಸ್ವಾಮಿ ಮುಂದೆ ಇಟ್ಟು, ಇಂಗಿಂಗಾಯ್ತು ಅಂತ ನೀನೇ ಹೇಳು."

"ನಾನಾ?"

"ಪಾಳೆಗಾರನ ದನಿ ಐತಲ್ಲ ನಿಂಗೆ. ಆಮೇಲೆ ನಂದೂ ಐತೆ, ಹೇಳೋದು."

ಅಜ್ಜಿ ಮಂಡಿಯ ಮೇಲೆ ಕೈಯೂರಿ ಎದ್ದಳು. ಟ್ರಂಕು ತೆರೆದು, ಎಲ್ಲಕ್ಕಿಂತ ಕೆಳಗೆ ಕೈ ಹಾಕಿ ಒಂದು ಟವೆಲು ತೆಗೆದಳು. ಕೆಂಪಂಚಿನ ಟವೆಲು. ಮಡಿಕೆ ಬಿಚ್ಚಿದಾಗ ತಾತ ಎಲೆಅಡಿಕೆಗೆ ಹಾಕಿಕೊಳ್ಳುತ್ತಿದ್ದ ಲವಂಗದ ವಾಸನೆ ಬಂತು.

ತಾತನ ಬಟ್ಟೆಯನ್ನೆಲ್ಲ ಕೊಟ್ಟಾಯಿತು, ಒಂದೂ ಉಳಿಸಿಲ್ಲ ಎಂದು ಅಜ್ಜಿ ಎಲ್ಲರಿಗೂ ಹೇಳಿದ್ದಳು.

ಅಜ್ಜಿ ಜಡೆಯನ್ನು ಟವೆಲಿನ ಮೇಲಿಟ್ಟು ಸುತ್ತಿದಳು. ಗಂಟು ಹಾಕಲು ಹೋದಳು. ಗಂಗಾಲಕ್ಷ್ಮಿ ಒಂದು ತುದಿ ಹಿಡಿದುಕೊಂಡಳು.

"ಬಿಗೀಬ್ಯಾಡ ಅಜ್ಜಿ, ಸಡಿಲ ಇರ್ಲಿ," ಎಂದಳು. "ಟವೆಲ್ಲು ವಾಪಸ್ ಮನೆಗೆ ತರ್ಬೇಕಲ್ಲ."